ಅಕ್ಕನ ನಾಲಿಗೆಗೆ ತಿಕ್ಕಿದ ಬಜೆ

ಇಂದು ಸೋಮವಾರದ ಉಪವಾಸ. ಅಂಗಳ ಸಾರಿಸಿ, ಪೂಜೆ ಮುಗಿಸುವಷ್ಟರಲ್ಲಿ ಪಕ್ಕದ ಮನೆಯಿಂದ ಬಜೆಬೇರಿನ ವಾಸನೆ ಬಂತು. ಕೂಸಿಗೆ ಬೇಗ ಮಾತು ಬರಲೆಂದು ತೇಯುತ್ತಿದ್ದರು. ಆರತಿ ತಟ್ಟೆ ಕೆಳಗಿಟ್ಟು ಇದನ್ನು ಬರೆಯಲು ಕೂತೆ.

ನಾವು ಚಿಕ್ಕವರಿದ್ದಾಗ ಕುರುಗೋಡಿನಲ್ಲಿ ನನ್ನಕ್ಕ ಗಿರಿಜಾಳ ಮಾತು ತೊದಲುತ್ತಿತ್ತು. ಬಾಯಲ್ಲಿ ಹೊರಳದ ಅಕ್ಷರ ಪಾಟಿಯ ಮೇಲೂ ಮೂಡುತ್ತಿರಲಿಲ್ಲ. ಅಜ್ಜಿ ದಿನಾ ಅವಳ ನಾಲಿಗೆ ಹಿಡಿದೆಳೆದು ಹುಣ್ಣಾಗುವಂತೆ ಬಜೆ ತಿಕ್ಕುತ್ತಿದ್ದಳು. "ಅಳಬ್ಯಾಡ ಲೇ, ನಾಲಿಗಿ ತೆಳ್ಳಗಾಗ್ಲಿ!" ಮಾಸ್ತರು ಅಪ್ಪನ ಮುಂದೆ ನಕ್ಕರು: "ಇಕಿ ತಲಿ ಒಳಗ ಏನೂ ಇಲ್ರಿ, ಎಮ್ಮಿ ಕಾಯಾಕ ಕಳಸ್ರಿ." ಅಪ್ಪ ಕಳಿಸಿಯೇಬಿಟ್ಟ.

ನನ್ನ ಮೊಮ್ಮಗಳಿಗೂ ಅದೇ ತೊಂದರೆಯಿತ್ತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಮಾತು ತಿದ್ದುವ ಹುಡುಗಿ ಅವಳನ್ನು ಕನ್ನಡಿ ಮುಂದೆ ಕೂರಿಸಿ, ಚಪ್ಪಾಳೆ ತಟ್ಟಿಸುತ್ತ ಪದಗಳನ್ನು ಬಿಡಿಸಿ ಹೇಳಿಸಿದಳು. ತಿಂಗಳುಗಟ್ಟಲೆ ಹೋದೆವು. ಈಗ ಕೂಸು ಓದುತ್ತದೆ. ಶಿವನೇ, ಅಕ್ಕನಿಗೂ ಇಷ್ಟೇ ಬೇಕಿತ್ತು.

ದೇಶನೂರಿನಲ್ಲಿರುವ ಅಕ್ಕ ಈಗ ತನ್ನ ತೊದಲು ಮೊಮ್ಮಗಳನ್ನೂ ಶಾಲೆ ಬಿಡಿಸಿದ್ದಾಳೆ. ಬಳ್ಳಾರಿಗೆ ಕರೆತಾ ಎಂದರೆ, "ನೀ ಸಾಲಿ ಕಲ್ತಾಕಿ, ನಿನಗೇನ ಗೊತ್ತವ್ವ ನಮ್ಮ ಸಂಕಟ?" ಎಂದು ಫೋನ್ ಇಟ್ಟಳು. ಮತ್ತೆ ಎತ್ತಿಲ್ಲ. ಇದನ್ನು ಅವಳು ಓದಲಾರಳು. ಆ ಊರಿನವರು ಯಾರಾದರೂ ಅವಳಿಗೆ ಓದಿ ಹೇಳಿ, ಕೂಸನ್ನು ಕಳಿಸುತ್ತಾಳೋ ಇಲ್ಲವೋ ಕೇಳಿ, ಅವಳ ಉತ್ತರವನ್ನು ನನಗೆ ತಲುಪಿಸಿರಿ.