ಎಲುಬು ಕಟ್ಟುವ ಕಾಕಾ

ಎಂಬತ್ತರ ದಶಕದಲ್ಲಿ ಕುಂದಗೋಳದಲ್ಲಿ ಮುರಿದ ಎಲುಬು ಕಟ್ಟುವ ಕಾಕಾ ಒಬ್ಬರಿದ್ದರು. ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಎಲುಬು ತಡವುತ್ತ, "ನಿನ್ನಿ ಏನ್ ಉಂಡ್ರಿ?" ಎಂದು ಎಲ್ಲರನ್ನೂ ಕೇಳುತ್ತಿದ್ದರು.

ಮಗಳು ತೀರಿಕೊಂಡ ಮೇಲೆ ನಮ್ಮ ಅತ್ತೆ ಎರಡು ವರ್ಷ ಕೋಣೆ ಬಿಟ್ಟು ಹೊರಬಂದಿರಲಿಲ್ಲ, ಸರಿಯಾಗಿ ಉಂಡಿರಲಿಲ್ಲ. ಹೊಸ್ತಿಲು ಎಡವಿದ್ದಕ್ಕೇ ಅವರ ಮುಂಗೈ ಎರಡನೇ ಸಲ ಮುರಿಯಿತು.

"ಇಷ್ಟಕ್ಕ ಮುರಿಯೂ ವಯಸ್ಸಲ್ಲ ತಂಗಿ. ದುಃಖ ಎಲುಬಿಗೆ ಇಳದೈತಿ," ಎಂದರು ಮನೆಗೆ ಬಂದು ಪಟ್ಟಿ ಕಟ್ಟಿದ ಕಾಕಾ. "ಇನ್ನ ಪಟ್ಟಿ ನೋಡಾಕ ನಾ ಮನಿಗೆ ಬರಂಗಿಲ್ಲ. ದಿನಾ ಬಿಸಲಾಗ ನಡಕೋತ ನೀನ ಬರಬೇಕು."

ಅತ್ತೆ ಅಳುತ್ತ ಹೋದರು. ಮೂರನೇ ದಿನ ಹಟ ಹಿಡಿದು ಮಲಗಿದಾಗ ಕಾಕಾ ನಮ್ಮ ಬಾಗಿಲಿಗೆ ಬಂದು ನಿಂತರು. ಅತ್ತೆ ಏಳುವತನಕ ಕದಲಲಿಲ್ಲ.

ಕೈ ಕೂಡಿತು. "ಇನ್ನ ಬರೂದು ಬ್ಯಾಡ," ಎಂದು ಕಾಕಾ ಪಟ್ಟಿ ಬಿಚ್ಚಿದರು. ಮರುದಿನ ಅದೇ ಹೊತ್ತಿಗೆ ಅತ್ತೆ ಚಪ್ಪಲಿ ಮೆಟ್ಟಿದರು.

"ಎಲ್ಲಿಗೆ ಹೊಂಟೀರಿ ಅತ್ತಿ?" ಎಂದೆ.

"ಸಂತಿಗಿ. ಆ ಚೀಲ ಕೊಡ ಇತ್ತ."