ಕೊಬ್ಬರಿ ಅಂದುಕೊಂಡ ಗಡ್ಡೆ

ನನ್ನ ಜೊತೆ ಬೆಂಗಳೂರಿನಲ್ಲಿ ಪಶುವೈದ್ಯಕೀಯ ಓದಿದ ಒಬ್ಬ ಗೆಳೆಯನಿದ್ದ. ಗೆಳೆಯ ಅಂತ ಬರೆಯುವುದಕ್ಕೆ ಈಗ ಮನಸ್ಸು ಒಪ್ಪುತ್ತದೆ. ಆಗ ಅವನ ಹೆಸರು ಕಿವಿಗೆ ಬಿದ್ದರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು. ಇದು ಎಪ್ಪತ್ತರ ದಶಕದ ಕೊನೆಯ ಮಾತು. ಅವನಿಗೆ ತಿಪಟೂರಿನ ಹತ್ತಿರ ಕೆಲಸವಾಯಿತು, ನನಗೆ ತುರುವೇಕೆರೆ ತಾಲ್ಲೂಕಿನಲ್ಲಿ. ನಮ್ಮಿಬ್ಬರ ನಡುವೆ ಇದ್ದದ್ದು ತೆಂಗಿನ ತೋಟಗಳು, ಒಂದಿಷ್ಟು ರಾಗಿ ಹೊಲ, ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಅನ್ನುವಂಥ ಒಂದು ಬಸ್ಸು. ಅಷ್ಟು ದೂರ ನನಗೆ ಸಾಲಲಿಲ್ಲ.

ಓದಿನಲ್ಲಿ ಅವನು ನನ್ನ ಹತ್ತಿರಕ್ಕೂ ಬರುತ್ತಿರಲಿಲ್ಲ. ಪರೀಕ್ಷೆಯ ಹಿಂದಿನ ದಿನ ನನ್ನ ಕೋಣೆಗೆ ಬಂದು, "ಲೇ, ಈ ಕರುಳಿನ ಪಾಠ ಒಂದ್ಸಲ ಹೇಳ್ಬುಡ್ಲಾ" ಅಂತ ನನ್ನ ಹಾಸಿಗೆಯ ಮೇಲೆ ಕಾಲು ಚಾಚುತ್ತಿದ್ದ. ನಾನು ಹೇಳುತ್ತಿದ್ದೆ, ಅವನು ಅರ್ಧದಲ್ಲೇ ಗೊರಕೆ ಹೊಡೆಯುತ್ತಿದ್ದ. ಅಂಥವನನ್ನು ಜನ ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದರು. ಕರು ಅಡ್ಡ ತಿರುಗಿ ಹಸು ಒದ್ದಾಡುತ್ತಿದ್ದರೆ ನನ್ನ ತಾಲ್ಲೂಕಿನವರೇ ನನ್ನ ಆಸ್ಪತ್ರೆಯ ಮುಂದೆ ಹಾದುಹೋಗಿ ಅವನನ್ನು ಕರೆತರುತ್ತಿದ್ದರು. "ಅವರ ಕೈಗುಣ ಚೆನ್ನಾಗೈತೆ ಕಣ್ರೀ" ಅಂತ ನನಗೇ ಹೇಳುತ್ತಿದ್ದರು, ನಾನೇನೋ ಊರಿನ ಪೋಸ್ಟ್ ಮಾಸ್ತರು ಅನ್ನುವ ಹಾಗೆ. ಒಂದು ದಿನ ನನ್ನ ಹೆಂಡತಿ ಕೂಡ ಅನ್ನ ಬಡಿಸುತ್ತಾ ಅದೇ ಮಾತು ಎತ್ತಿದಳು. ನಾನು ತಟ್ಟೆ ಬಿಟ್ಟು ಎದ್ದೆ.

ನಮ್ಮ ಆಸ್ಪತ್ರೆಗೆ ಆಗ ಬರುತ್ತಿದ್ದದ್ದು ದನ, ಎಮ್ಮೆ, ಕುರಿ. ಕಾಲುಬಾಯಿ ಜ್ವರ, ಹೊಟ್ಟೆಯುಬ್ಬರ ಇವುಗಳಲ್ಲೇ ದಿನ ಕಳೆಯುತ್ತಿತ್ತು. ನಾಯಿ ತರುವವರು ಅಪರೂಪ, ಬೆಕ್ಕಂತೂ ಇಲ್ಲವೇ ಇಲ್ಲ. ಬೆಕ್ಕಿಗೆ ಕಾಯಿಲೆಯಾದರೆ ಅದು ಅಟ್ಟದ ಮೂಲೆ ಸೇರಿಕೊಂಡು ತಾನೇ ಸಾಯುತ್ತಿತ್ತು, ಇಲ್ಲ ತಾನೇ ಎದ್ದು ಬರುತ್ತಿತ್ತು. ಹಾಗಾಗಿ ಮಾಯಸಂದ್ರದ ಆಚೆಯ ಹಳ್ಳಿಯಿಂದ ಒಬ್ಬ ಹೆಂಗಸು ತಮ್ಮ ನಾಯಿಯನ್ನು ಗೋಣಿಚೀಲದ ಮೇಲೆ ಮಲಗಿಸಿ ಎತ್ತಿನ ಗಾಡಿಯಲ್ಲಿ ತಂದಾಗ, ದನ ಹಿಡಿದು ನಿಂತಿದ್ದವರೆಲ್ಲ ನಕ್ಕರು. ಆಕೆ ಒಂದು ಸಲ ತಿರುಗಿ ನೋಡಿದರು, ನಗು ನಿಂತಿತು. ಐವತ್ತರ ಹತ್ತಿರದ ವಯಸ್ಸು, ದೊಡ್ಡ ಗಂಟಲು. ಗಂಡ ತೀರಿಕೊಂಡ ಮೇಲೆ ತೆಂಗಿನ ತೋಟವನ್ನು ತಾವೇ ನಿಂತು ನೋಡಿಕೊಳ್ಳುತ್ತಿದ್ದರು. ದಾಯಾದಿಗಳು ಕಾಯಿಗೆ ಕೈ ಹಾಕದ ಹಾಗೆ ತೋಟ ಕಾದದ್ದು ಈ ನಾಯಿ. ಒಂದು ಕಾಯಿ ಉದುರಿದರೂ ಅದರ ಪಕ್ಕ ಹೋಗಿ ಕೂತು, ಆಕೆ ಬಂದು ಎತ್ತಿಕೊಳ್ಳುವವರೆಗೂ ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲವಂತೆ.

"ಇದು ಹೋದ್ರೆ ನನ್ನ ತೋಟವೇ ಹೋದಂಗೆ ಕಣಪ್ಪ," ಅಂದರು. "ಕೊಬ್ಬರಿ ಸಿಕ್ಕಾಕ್ಕೊಂಡೈತೆ. ಒಂದು ಬೇದಿ ಔಷಧಿ ಕೊಟ್ಬುಡಿ."

ನಮ್ಮ ಸೀಮೆಯಲ್ಲಿ ನಾಯಿಗೆ ಹೊಟ್ಟೆ ಕೆಟ್ಟರೆ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ಇದೇ. ವರ್ಷವಿಡೀ ಅಟ್ಟದ ಮೇಲೆ ಒಣಗಿದ ಕಾಯಿ ಇಳಿಸಿ, ಸುಲಿದು, ಚಿಪ್ಪು ಬಿಡಿಸಿ ಉಂಡೆ ಕೊಬ್ಬರಿ ತೆಗೆಯುವಾಗ ನಾಯಿಗಳು ಸುತ್ತ ಕಾದಿರುತ್ತವೆ. ಏಟು ತಪ್ಪಿ ಒಡೆದ ಚೂರು ಅವುಗಳ ಪಾಲು. ಅಗಿಯದೆ ನುಂಗುತ್ತವೆ. ಆ ಚೂರು ಒಳಗೆ ನೆನೆದು, ಊದಿಕೊಂಡು, ಕರುಳಿಗೆ ಅಡ್ಡ ಕೂರುತ್ತದೆ ಅನ್ನುವುದು ಊರಿನವರ ಲೆಕ್ಕ. ಒಂದೊಂದು ಸಲ ಅದು ನಿಜವೂ ಹೌದು. ಅದಕ್ಕೆ ಮದ್ದು ಹರಳೆಣ್ಣೆ, ಈ ನಾಯಿಗೂ ಕುಡಿಸಿ ಕುಡಿಸಿ ಸಾಕಾಗಿತ್ತು.

ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸಿದೆ. ವಯಸ್ಸಾದ ಕಂದು ಬಣ್ಣದ ಗಂಡು ನಾಯಿ, ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ತುಟಿ ಎತ್ತಿದರೆ ಒಸಡು ಬಿಳಿಚಿಕೊಂಡಿತ್ತು. ಎರಡು ಅಂಗೈಗಳನ್ನು ಹೊಟ್ಟೆಯ ಎರಡು ಪಕ್ಕಕ್ಕಿಟ್ಟು ಮೆತ್ತಗೆ ಒತ್ತುತ್ತಾ ಬಂದೆ. ನಡುವೆ ನಿಂಬೆಹಣ್ಣಿನಷ್ಟು ದೊಡ್ಡ ಗಟ್ಟಿ ಉಂಡೆ ಬೆರಳಿಗೆ ಸಿಕ್ಕಿ ಜಾರಿಕೊಂಡಿತು. ಹೇಲಿನ ಬಣ್ಣ ಕೇಳಿದೆ, ಡಾಂಬರಿನಂತೆ ಕಪ್ಪು ಅಂದರು. ಯಾವಾಗಿನಿಂದ ವಾಂತಿ ಅಂದೆ. ರಾಗಿ ಕೊಯ್ಲಿನಿಂದ ಅಂದರು. ಅಂದರೆ ತಿಂಗಳುಗಳೇ ಆಗಿದ್ದವು. ಕೊಬ್ಬರಿ ಅಡ್ಡ ಕೂತಿದ್ದರೆ ನಾಯಿ ಅಷ್ಟು ಕಾಲ ತಡೆಯುವುದಿಲ್ಲ. ಇದು ನಿಧಾನವಾಗಿ ಬೆಳೆದದ್ದು, ಒಳಗೊಳಗೇ ರಕ್ತ ಸೋರಿಸುತ್ತಿರುವುದು. ಕರುಳಿನ ಗಡ್ಡೆ. ಎಕ್ಸ್‌ರೇ ಬೇಕೆಂದರೆ ಬೆಂಗಳೂರಿಗೆ ಹೋಗಬೇಕಿದ್ದ ಕಾಲದಲ್ಲಿ ಬರಿ ಬೆರಳಿನಿಂದ ಕಂಡುಹಿಡಿದೆ ಅಂತ ಒಳಗೇ ಹಿಗ್ಗಿದೆ. ಅವನಾಗಿದ್ದರೆ ಇದು ಹೊಳೆಯುತ್ತಿತ್ತೇ ಅಂದುಕೊಂಡೆ. ನೋಡಿ, ಆಗಲೂ ನನ್ನ ತಲೆಯಲ್ಲಿ ಅವನೇ.

"ಇದು ಕೊಬ್ಬರಿ ಅಲ್ಲಮ್ಮ, ಗಡ್ಡೆ. ಕ್ಯಾನ್ಸರ್ ಥರದ್ದು."

"ನಾಯಿಗೂ ಕ್ಯಾನ್ಸರ್ ಬತ್ತದಾ?"

"ಬರುತ್ತೆ. ವಯಸ್ಸಾದ ನಾಯಿಗೆ ಬರುತ್ತೆ, ಬೆಕ್ಕಿಗೂ ಬರುತ್ತೆ."

"ಅದಕ್ಕೇನು ಮಾಡ್ತೀರಿ?"

"ಮಾಡೋಕೆ ಏನೂ ಇಲ್ಲ. ಇಷ್ಟು ಹೊತ್ತಿಗೆ ಬೇರೆ ಕಡೆಗೂ ಹಬ್ಬಿರುತ್ತೆ. ಮನೆಗೆ ಕರ್ಕೊಂಡು ಹೋಗಿ, ಇಷ್ಟವಾದದ್ದು ತಿನ್ನೋಕೆ ಕೊಡಿ."

ಆಕೆ ನನ್ನ ಮುಖವನ್ನೇ ನೋಡಿದರು. "ಓದಿರೋರು, ನಿಮಗೆ ಗೊತ್ತಿರ್ತದೆ ಬುಡಿ," ಅಂದು ನಾಯಿಯನ್ನು ಎತ್ತಿಕೊಂಡರು. ಒಪ್ಪಿದರು ಅಂದುಕೊಂಡೆ. ಎಲ್ಲಿ ಒಪ್ಪಿದರು? ತಿಪಟೂರು ಮಾರುಕಟ್ಟೆಗೆ ಹೊರಟಿದ್ದ ಕೊಬ್ಬರಿ ಲಾರಿ ಹತ್ತಿ, ಚೀಲಗಳ ನಡುವೆ ನಾಯಿಯನ್ನು ಮಲಗಿಸಿಕೊಂಡು ನೇರವಾಗಿ ಅವನ ಬಳಿಗೆ ಹೋದರು.

ನನಗೆ ಅಂಚೆ ಕಚೇರಿಯಿಂದ ಕರೆ ಬಂತು, ಅವನ ಫೋನು. "ಲೇ, ನಿನ್ನ ಕಡೆಯಿಂದ ನಾಯಿ ಒಂದು ಬಂದೈತೆ. ಹೊಟ್ಟೇಲಿ ಕೊಬ್ಬರಿ ಕೂತೈತೆ. ನಾಳೆ ಕುಯ್ತೀನಿ, ಅರಿವಳಿಕೆ ನೋಡ್ಕೊಳ್ಳೋಕೆ ಬತ್ತೀಯಾ?"

"ಕೊಬ್ಬರಿ ಅಂತ ಯಾರು ಹೇಳಿದ್ದು?"

"ಆಯಮ್ಮನೇ ಹೇಳ್ತು. ಮುಟ್ಟಿ ನೋಡ್ದೆ, ಕೈಗೆ ಸಿಗ್ತದೆ."

"ಅದು ಗಡ್ಡೆ ಕಣ್ಲಾ."

"ಹೋಗ್ಲಾ, ನೀನು ಯಾವಾಗ್ಲೂ ಕೆಟ್ಟದ್ದನ್ನೇ ಹುಡುಕ್ತೀಯ. ಬಾ, ನೋಡೇಬುಡಾನ."

ನಾಯಿಯ ಮೇಲಿನ ಕನಿಕರದಿಂದ ಹೋದೆ ಅಂತ ಬರೆದರೆ ಸುಳ್ಳಾಗುತ್ತದೆ. ಹೊಟ್ಟೆ ಬಿಚ್ಚಿ ಗಡ್ಡೆ ಕಂಡಾಗ ಅವನ ಮುಖ ಹೇಗಾಗುತ್ತದೆ ಅಂತ ನೋಡುವ ಆಸೆಗೆ ಹೋದೆ. ಅವನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕಿಟಕಿಯ ಬೆಳಕಿಗೆ ಮೇಜು ಎಳೆದು ಹಾಕಿದ್ದ. ಆಕೆ ಹೊರಗೆ ಜಗುಲಿಯ ಮೇಲೆ ಖಾಲಿ ಗೋಣಿಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. "ನೀವೂ ಬಂದ್ರಾ, ಒಳ್ಳೇದಾಯ್ತು," ಅಂದರು. ಮುಂಗಾಲಿನ ರಕ್ತನಾಳಕ್ಕೆ ನಾನೇ ಸೂಜಿ ಚುಚ್ಚಿದೆ. ನಾಯಿ ಆಕಳಿಸಿ ತಲೆ ವಾಲಿಸಿತು. ರಕ್ತವಿಲ್ಲದ ಮೈ, ಔಷಧಿ ಸ್ವಲ್ಪ ಹೆಚ್ಚಾದರೂ ಉಸಿರು ನಿಲ್ಲುತ್ತಿತ್ತು, ಅದರ ಎದೆಯ ಮೇಲೆ ಕೈಯಿಟ್ಟುಕೊಂಡೇ ನಿಂತೆ. ಅವನು ಹೊಟ್ಟೆಯ ನಡುಗೆರೆಯಲ್ಲಿ ಕುಯ್ದು, ಬೆರಳು ತೂರಿಸಿ, ಆ ಉಂಡೆಯನ್ನು ಕರುಳಿನ ಸಮೇತ ಹೊರಗೆ ತಂದ. ಬೆಳ್ಳಗೆ, ಗಂಟುಗಂಟಾಗಿ, ಕರುಳಿನ ಗೋಡೆಯನ್ನೇ ತಿಂದು ಬೆಳೆದಿತ್ತು.

"ಹೇಳಿರಲಿಲ್ವೇನ್ಲಾ?" ಅಂದೆ. ಎಷ್ಟೋ ವರ್ಷಗಳ ಉರಿ ಆ ಒಂದು ಮಾತಿನಲ್ಲಿ ತಣ್ಣಗಾಯಿತು.

ಅವನು ಪೆಚ್ಚಾದ. ಆದರೆ ನಾನು ಬಯಸಿದಷ್ಟು ಹೊತ್ತು ಪೆಚ್ಚಾಗಿರಲಿಲ್ಲ. "ಈಗೇನ್ಲಾ ಮಾಡೋದು?" ಅಂದ.

"ಇನ್ನೇನು? ಎಬ್ಬಿಸೋದು ಬೇಡ. ಔಷಧಿ ಇನ್ನೊಂದಿಷ್ಟು ಕೊಡ್ತೀನಿ, ನಿದ್ದೇಲೇ ಹೋಗ್ಲಿ."

ಅವನು ಬಾಗಿಲಿನ ಕಡೆ ನೋಡಿದ. "ಆಯಮ್ಮನಿಗೆ ತೆಗೆದುಕೊಡ್ತೀನಿ ಅಂದ್ಬುಟ್ಟಿದ್ದೀನಿ ಕಣ್ಲಾ. ಹೊಟ್ಟೇನೂ ಬಿಚ್ಚಾಗೈತೆ. ಕಿತ್ತಾಕ್ಬುಡ್ತೀನಿ."

ಪಿತ್ತಜನಕಾಂಗದ ಕಡೆ ನೋಡು, ಕರುಳಿನ ಪೊರೆಯ ಗಂಟುಗಳನ್ನು ನೋಡು, ಅಲ್ಲೆಲ್ಲ ಹಬ್ಬಿರುತ್ತದೆ ಅಂದೆ. ಅವನು ಒಂದೊಂದನ್ನೂ ಮುಟ್ಟಿ ನೋಡಿದ, ನಾನೂ ಬಗ್ಗಿ ನೋಡಿದೆ. ಎಲ್ಲೂ ಹಬ್ಬಿರಲಿಲ್ಲ. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ.

ಗಡ್ಡೆಯ ಆಚೀಚೆ ಚೆನ್ನಾಗಿದ್ದ ಕರುಳನ್ನೂ ಸ್ವಲ್ಪ ಸೇರಿಸಿ ತೆಗೆಯಬೇಕು. ಎಲ್ಲಿಂದ ಎಲ್ಲಿಗೆ ಅಂತ ಹೇಳಿದ್ದು ನಾನು. ರಕ್ತನಾಳ ಕಟ್ಟಿ, ತುಂಡರಿಸಿ, ಎರಡು ತುದಿಗಳನ್ನು ನನ್ನ ಬೆರಳುಗಳಿಗೆ ಕೊಟ್ಟು "ಹಿಡ್ಕೊ" ಅಂದು ಹೊಲಿಯತೊಡಗಿದ್ದು ಅವನು. ಒದ್ದೆ ಕಾಗದದಂಥ ಕರುಳಿನಲ್ಲಿ ಸೂಜಿ ಒಂದೇ ಅಳತೆಗೆ ಒಳಹೋಗಿ ಹೊರಬರುತ್ತಿತ್ತು. ಮೂಗಿನಲ್ಲಿ ಯಾವುದೋ ಹಾಡು ಬೇರೆ ಗುನುಗುತ್ತಿದ್ದ. ಕಾಲೇಜಿನಲ್ಲಿ ಇದೇ ಹೊಲಿಗೆಯನ್ನು ಸತ್ತ ನಾಯಿಗಳ ಕರುಳಿನ ಮೇಲೆ ಹಾಕಿ ಹಾಕಿ ಹರಿದವನು ನಾನು. ಹೊಲಿಗೆಯ ಪಾಠ ಇಡೀ ಬಾಯಿಗೆ ಬರುತ್ತಿತ್ತು, ಕೈಗೆ ಬರುತ್ತಿರಲಿಲ್ಲ. ಆ ಬೆರಳುಗಳನ್ನು ಕಚ್ಚಿಬಿಡಬೇಕು ಅನ್ನಿಸಿತು. ಕೊನೆಗೆ ಸಿರಿಂಜಿನಲ್ಲಿ ಉಪ್ಪುನೀರು ತುಂಬಿ ಹೊಲಿದ ಕರುಳಿನೊಳಕ್ಕೆ ಒತ್ತಿ ನೋಡಿದ, ಒಂದು ಹನಿ ಸೋರಲಿಲ್ಲ.

ನಾಯಿಯನ್ನು ಅವನು ಅಲ್ಲೇ ಇರಿಸಿಕೊಂಡ. ಮೊದಲು ಬಾಯಿಗೆ ನೀರೂ ಇಲ್ಲ, ಚರ್ಮದ ಕೆಳಗೆ ಸಲೈನು. ಆಮೇಲೆ ತೆಳು ರಾಗಿ ಗಂಜಿ, ಚಮಚ ಚಮಚ. ಒಳಗಿನ ಹೊಲಿಗೆ ಬಿಚ್ಚಿಕೊಳ್ಳುವುದಾದರೆ ಆ ವಾರದಲ್ಲೇ ಬಿಚ್ಚಿಕೊಳ್ಳಬೇಕು. ನಾನು ದಿನಾ ಅಂಚೆ ಕಚೇರಿಗೆ ಹೋಗಿ ಫೋನಿನಲ್ಲಿ ವಿಚಾರಿಸುತ್ತಿದ್ದೆ. ಯಾವ ಉತ್ತರ ಬೇಕಾಗಿತ್ತೋ ನನಗೇ ತಿಳಿಯದು. ನಾಯಿ ಬದುಕಿತು.

ಅವನು ಆಕೆಯಿಂದ ಏನನ್ನೂ ಮುಚ್ಚಿಡಲಿಲ್ಲ. ಕೊಬ್ಬರಿ ಅಲ್ಲ, ಗಡ್ಡೆಯೇ, ನಿಮ್ಮ ಡಾಕ್ಟ್ರು ಹೇಳಿದ್ದೇ ಸರಿ, ಮತ್ತೆ ಬೆಳೆದರೂ ಬೆಳೆಯಬಹುದು ಅಂತ ಎಲ್ಲ ಹೇಳಿ ಕಳಿಸಿದ. ಅದಕ್ಕೂ ನನಗೆ ಹೊಟ್ಟೆಕಿಚ್ಚು. ಸೋತದ್ದನ್ನು ಅಷ್ಟು ಸಲೀಸಾಗಿ ಹೇಳಲು ನನ್ನಿಂದ ಆಗುತ್ತಿರಲಿಲ್ಲ. ಸ್ವಲ್ಪ ಕಾಲದ ಮೇಲೆ ಆಕೆ ನನ್ನ ಆಸ್ಪತ್ರೆಗೂ ಬಂದರು, ನಾಯಿ ಗಾಡಿಯ ಹಿಂದೆ ನಡೆದೇ ಬಂದಿತ್ತು. ಎಳನೀರು ಇಳಿಸಿ, ದನ ಹಿಡಿದು ನಿಂತವರೆಲ್ಲ ಕೇಳುವ ಹಾಗೆ ಅಂದರು:

"ನೀವು ಹೇಳಿದ್ದೇ ದಿಟವಂತೆ ಕಣಪ್ಪ. ಸದ್ಯ, ನಿಮ್ಮ ಮಾತು ಕೇಳಲಿಲ್ಲ. ಕೇಳಿದ್ರೆ ಸತ್ತೋಗಿರೋದು."

ಚುಚ್ಚಿ ಆಡಿದ ಮಾತಲ್ಲ ಅದು. ನನ್ನನ್ನು ಹೊಗಳಲೆಂದೇ ಅಷ್ಟು ದೂರ ಬಂದಿದ್ದರು.

ಗಡ್ಡೆಯ ಒಂದು ಚೂರನ್ನು ಕೆಡದ ಹಾಗೆ ಫಾರ್ಮಲಿನ್ನಿನಲ್ಲಿ ಹಾಕಿ ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದ್ದೆ. ಕ್ಯಾನ್ಸರೇ ಅಂತ ಉತ್ತರ ಬಂತು. ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ತಿಪಟೂರಿಗೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಅವನೆದುರು ಕೂತು, ದೋಸೆ ಬರುವ ಮೊದಲೇ ಕೇಳಿದೆ. "ನಿಜ ಹೇಳು. ನಾನು ಗಡ್ಡೆ ಅಂದಾಗ ನಂಬಿದ್ದಿದ್ರೆ ಕುಯ್ತಿದ್ದೆಯಾ?"

ಹೌದು ಅಂದಿದ್ದರೆ ಗಂಡೆದೆಯವನು ಅಂತ ಅವನನ್ನು ಒಪ್ಪಿಕೊಂಡು ಸುಮ್ಮನಾಗುತ್ತಿದ್ದೆ. ಅವನು ನೀರಿನ ಲೋಟ ಹಿಡಿದು ಪ್ರಾಮಾಣಿಕವಾಗಿ ಯೋಚಿಸಿದ.

"ಇಲ್ಲ ಕಣ್ಲಾ. ಕ್ಯಾನ್ಸರ್ ಅಂತ ಗೊತ್ತಿದ್ರೆ ಯಾವನು ಮುಟ್ತಾನೆ? ನಾನೂ ಮನೆಗೇ ಕಳಿಸ್ತಿದ್ದೆ. ಕೊಬ್ಬರಿ ಅಂದ್ಕೊಂಡಿದ್ದಕ್ಕೆ ಕೈ ಹಾಕ್ದೆ."

ದೋಸೆ ಬಂತು. ಅವನು ತಿಂದ, ನನ್ನದು ಆರಿಹೋಯಿತು. ಅಲ್ಲಿಯವರೆಗೆ ನನಗಿದ್ದದ್ದು ಅವನ ಕೈಯ ಮೇಲಿನ ಹೊಟ್ಟೆಕಿಚ್ಚು. ಅದನ್ನಾದರೂ ಸಹಿಸಬಹುದು, ಕೈಯನ್ನು ದಿನಾ ಪಳಗಿಸಿದರೆ ಒಂದಿಷ್ಟು ಬಂದೀತು. ಆದರೆ ನಾನು ಸರಿಯಾಗಿ ತಿಳಿದುಕೊಂಡು ಸಾಯಲು ಕಳಿಸಿದ ನಾಯಿಯನ್ನು ಅವನು ತಪ್ಪು ತಿಳಿದು ಬದುಕಿಸಿದ್ದ. ಹಾಗೆ ತಪ್ಪು ತಿಳಿಯುವುದನ್ನು ನಾನು ಯಾರ ಹತ್ತಿರ ಹೋಗಿ ಕಲಿಯಲಿ?