ಕಾಕನ ಮಂಜುಗಡ್ಡೆಯ ಕಟ್ಟಡಗಳು

ಕಳೆದ ವಾರ ದುಬೈಯ ಮಿರ್ದಿಫ್‌ನ ನಮ್ಮ ಮನೆಯ ಹಿತ್ತಲಲ್ಲಿ ಗಂಡ ಬಾರ್ಬೆಕ್ಯೂ ಮುಗಿಸಿ ಕೆಂಡದ ಮೇಲೆ ಒಂದು ಚೊಂಬು ನೀರು ಸುರಿದರು. ಚುಂಯ್ ಎಂದು ಹೊಗೆ ಎದ್ದಿತು. ಒದ್ದೆ ಇದ್ದಿಲಿನ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಲ್ ನಹ್ದಾದ ಹಳೆಯ ಫ್ಲ್ಯಾಟು, ಎದುರುಮನೆಯ ಕಾಕ...

ಕಾಕ ಪುತ್ತೂರು ಕಡೆಯ ಬ್ಯಾರಿ. ಅಲ್ ಕೂಜ್‌ನ ಒಂದು ವರ್ಕ್‌ಶಾಪಿನಲ್ಲಿ, ಬೆಂಕಿ ಆರಿಸುವ ಕೆಂಪು ಸಿಲಿಂಡರುಗಳನ್ನು ತುಂಬಿಸಿ ಪರೀಕ್ಷಿಸುವ ಕೆಲಸ. ನಾಲ್ಕನೇ ಮಹಡಿಯಲ್ಲಿ ಅವರ ಬಾಗಿಲು, ನಮ್ಮ ಬಾಗಿಲು ಎದುರುಬದುರು. ಗಂಡ ಹೆಂಡತಿ ಇಬ್ಬರೇ. ಆದರೆ ಶುಕ್ರವಾರ ಬೆಳಿಗ್ಗೆ (ಆಗ ವಾರದ ರಜೆ ಶುಕ್ರವಾರ) ಕಟ್ಟಡದ ಮಕ್ಕಳೆಲ್ಲ ಅವರ ಹಾಲಿನಲ್ಲೇ.

ಮಕ್ಕಳನ್ನು ಎಳೆಯುತ್ತಿದ್ದದ್ದು ಒಂದು ಪೆಟ್ಟಿಗೆ. ಕೆಲಸ ಬಿಟ್ಟು ತನ್ನ ದೇಶಕ್ಕೆ ಹೊರಟ ಮ್ಯಾನೇಜರೊಬ್ಬ ಕಾಕನಿಗೆ ಕೊಟ್ಟು ಹೋದದ್ದಂತೆ. ಒಳಗೆ ದಪ್ಪ ರಟ್ಟಿಗೆ ಅಂಟಿಸಿದ, ನೂರು ವರ್ಷಕ್ಕೂ ಹಳೆಯ ಫೋಟೋಗಳು. ಎಲ್ಲವೂ ಯಾವುದೋ ಚಳಿದೇಶದ ಪಟ್ಟಣಗಳಲ್ಲಿ, ಚಳಿಗಾಲದಲ್ಲಿ ಬೆಂಕಿ ಬಿದ್ದ ಕಟ್ಟಡಗಳವು. ಆರಿಸಲು ಹೊಡೆದ ನೀರು ಗೋಡೆಯ ಮೇಲೆಯೇ ಹೆಪ್ಪುಗಟ್ಟಿ, ಕಿಟಕಿ ಕಿಟಕಿಯಿಂದ ಬಿಳಿ ಗಡ್ಡ ಇಳಿದಂತೆ ಕಾಣುತ್ತಿತ್ತು. ಏಣಿ, ತಂತಿ, ಅಂಗಡಿಯ ಬೋರ್ಡು, ಎಲ್ಲ ಮಂಜುಗಡ್ಡೆ.

"ಕಾಕಾ, ವೇರ್ ಈಸ್ ದ ಫಯರ್?" ಎಂದು ಏಳು ವರ್ಷದ ನನ್ನ ಮಗಳು ಕೇಳಿದ್ದಳು.

"ಆಗಿನ ಕ್ಯಾಮರಾ ಭಾರೀ ನಿಧಾನ ಮಾರಾಯ್ತಿ. ಬೆಂಕಿ ಒಂದು ಕಡೆ ನಿಲ್ತದಾ? ಫೋಟೋದವ ಸಾಮಾನು ಹೊತ್ಕೊಂಡು ಬರುವಾಗ ಬೆಂಕಿ ಖಲಾಸ್. ಐಸ್ ಮಾತ್ರ ಬಾಕಿ!"

ಫ್ರಿಜ್ಜಿನ ಹೊರಗೆ ಐಸ್ ಕಂಡಿರದ ಮಕ್ಕಳು ಬಾಯಿ ಬಿಟ್ಟು ನೋಡುತ್ತಿದ್ದರು. ಕಾಕ ಪ್ರತಿಯೊಬ್ಬರ ಅಂಗೈಗೂ ಒಂದೊಂದು ತುಂಡು ಐಸ್ ಇಟ್ಟು, ಯಾರು ಹೆಚ್ಚು ಹೊತ್ತು ಹಿಡಿಯುತ್ತೀರಿ ಎಂದು ಪಂದ್ಯ ಕಟ್ಟುತ್ತಿದ್ದರು. ಕೊನೆಗೆ, ಬೆಂಕಿ ಬಿದ್ದರೆ ಇಳಿಯುವ ಅಭ್ಯಾಸಕ್ಕೆಂದು, ಮಕ್ಕಳೆಲ್ಲ ಒಬ್ಬರ ಹೆಗಲು ಒಬ್ಬರು ಹಿಡಿದು, ಮೆಟ್ಟಿಲಿಳಿದು, ಕಾರು ನಿಲ್ಲಿಸುವ ಜಾಗದ ತನಕ ಹೋಗಿ ಬರಬೇಕು. ಲಿಫ್ಟು ಹರಾಮ್! ನಾವು ತಾಯಂದಿರು ಬಾಗಿಲಲ್ಲಿ ನಿಂತು ನಗುತ್ತಿದ್ದೆವು.

ಜನವರಿಯ ಒಂದು ಶುಕ್ರವಾರ ಕಟ್ಟಡದ ಬೆಂಕಿ ಗಂಟೆ ಹೊಡೆದುಕೊಂಡಿತು. ಅದು ಸುಮ್ಮನೆ ಹೊಡೆದುಕೊಳ್ಳುವುದು ಮಾಮೂಲು. ಮಕ್ಕಳು ಎಂದಿನಂತೆ ಕಾಕನ ಹಾಲಿನಲ್ಲಿ. ನಾನು ದೋಸೆ ಮಗುಚುತ್ತಲೇ ಇದ್ದೆ. ಕಾಕ ಬಾಗಿಲು ಬಡಿದರು.

"ತಂಗೀ, ಗ್ಯಾಸ್ ಬಂದ್ ಮಾಡಿ ಬನ್ನಿ. ಚಿನ್ನ ಗಿನ್ನ ಎಂತ ಬೇಡ. ಯಲ್ಲಾ!"

ಮೂರನೇ ಮಹಡಿಯಲ್ಲಿ, ಕಾಕನ ಮನೆಗೆ ಸರಿಯಾಗಿ ಕೆಳಗಿನ ಅಡುಗೆಮನೆಗೆ ಬೆಂಕಿ ಹತ್ತಿತ್ತು. ಆ ಮನೆಯವರು ಆಗಲೇ ಹೊರಬಿದ್ದಿದ್ದರು. ನಾವು ಆಚೆ ತುದಿಯ ಮೆಟ್ಟಿಲಲ್ಲಿ ಇಳಿದೆವು. ಮುಂದೆ ಕಾಕನ ಹೆಂಡತಿ, ಹಿಂದೆ ಮಕ್ಕಳ ಸಾಲು, ಕೊನೆಯಲ್ಲಿ ಕಾಕ. ದಾರಿಯಲ್ಲಿ ಪ್ರತಿ ಬಾಗಿಲನ್ನೂ ಗುದ್ದುತ್ತಾ. ಕೆಳಗೆ ಬಂದು ಮಕ್ಕಳನ್ನು ಎಣಿಸಿದರೆ ಒಬ್ಬರು ಕಡಿಮೆ. ನನ್ನ ಮಗಳು...

ನಾನು ಕಿರುಚಿದ್ದು ನೆನಪಿದೆ. ಕಾಕ ತಿರುಗಿ ಮೆಟ್ಟಿಲು ಹತ್ತಿದರು. ಐವತ್ತು ದಾಟಿದ, ಮಂಡಿನೋವಿನ ಮನುಷ್ಯ. ಎಷ್ಟು ಹೊತ್ತಾಯಿತೋ, ಮಗಳನ್ನು ಹೆಗಲಿಗೆ ಹಾಕಿಕೊಂಡು ಕೆಮ್ಮುತ್ತಾ ಹೊರಬಂದರು. ಕಾಕ ಬಾಗಿಲು ಬಡಿಯುವಾಗ ಅವಳು ಸಾಲಿನಿಂದ ನುಸುಳಿ ಅವರ ಮನೆಗೆ ವಾಪಸು ಓಡಿದ್ದಳು. ಫ್ರಾಕಿನೊಳಗೆ ಒಂದು ಫೋಟೋ ಅವಿತಿತ್ತು.

"ಐ ಸೇವ್ಡ್ ಒನ್, ಕಾಕಾ."

ಕಾಕ ಅವಳನ್ನು ಬೈದದ್ದು ಅದೊಂದೇ ಸಲ. ಬೈದು ಮುಗಿಸಿ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ನಾನು ಅವರ ಕೈ ಹಿಡಿದೆ.

ಯಾರಿಗೂ ಏನೂ ಆಗಲಿಲ್ಲ. ಆದರೆ ಬೆಂಕಿ ಆರಿಸಲು ಹೊಡೆದ ನೀರು ಕಾಕನ ಕಿಟಕಿಯೊಳಗೂ ನುಗ್ಗಿ ಪೆಟ್ಟಿಗೆ ತೊಯ್ದು ತೊಪ್ಪೆಯಾಗಿತ್ತು. ರಟ್ಟು ಬೇರೆ, ಫೋಟೋ ಬೇರೆ. ಕಾಕ ಒಂದೊಂದನ್ನೇ ಎತ್ತಿ ನೋಡಿ, "ಮಾಫಿ... ಎಂತದೂ ಇಲ್ಲ, ಹೋಯ್ತು" ಅಂದರು. ಅವರ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ಹಪ್ಪಳ ಒಣಗಿಸಿದವರಿಗೆ ಇದೆಂತ ದೊಡ್ಡ ಸಂಗತಿ!"

ಮರುದಿನ ಟೆರೇಸಿನಲ್ಲಿ ಹಬ್ಬ. ಮನೆಮನೆಯ ಬಟ್ಟೆ ಕ್ಲಿಪ್ಪುಗಳೆಲ್ಲ ಮೇಲೆ ಬಂದವು. ಹಗ್ಗದುದ್ದಕ್ಕೂ ಮಂಜುಗಡ್ಡೆಯ ಕಟ್ಟಡಗಳು ದುಬೈಯ ಚಳಿಗಾಲದ ಹಿತವಾದ ಬಿಸಿಲಲ್ಲಿ ತೂಗಾಡಿದವು. ಮಕ್ಕಳು ಪಾರಿವಾಳ ಓಡಿಸಿದರು. ಬೆಂಕಿ ಬಿದ್ದ ಮನೆಯವರೂ ಬಂದರು. ಆ ಹೆಂಗಸು ತಪ್ಪಿತಸ್ಥಳಂತೆ ಮೂಲೆಯಲ್ಲಿ ನಿಂತದ್ದನ್ನು ಕಂಡು ಕಾಕ ಅವಳ ಕೈಗೂ ಕ್ಲಿಪ್ಪು ಕೊಟ್ಟರು. ಮಧ್ಯಾಹ್ನ ತುಪ್ಪದ ಅನ್ನ, ಕೋಳಿ ಸಾರು, ನನ್ನ ನೀರುದೋಸೆ. ಅರ್ಧಕ್ಕರ್ಧ ಫೋಟೋಗಳು ಸುರುಟಿಕೊಂಡವು, ಕೆಲವು ಬಿರುಕುಬಿಟ್ಟವು. ಉಳಿದಷ್ಟಕ್ಕೇ ಕಾಕ ಖುಷಿ.

ಅರವತ್ತಾದಾಗ ಅವರು ಊರಿಗೆ ಹೋದರು. ನಾವು ಮಿರ್ದಿಫ್‌ಗೆ ಬಂದೆವು. ಪ್ರತಿ ಈದ್‌ಗೆ ಫೋನ್ ಮಾಡಿ, "ತಂಗೀ, ಊರಿಗೆ ಬಂದಾಗ ಇಲ್ಲಿಗೂ ಬನ್ನಿ" ಎನ್ನುತ್ತಿದ್ದರು. ಮುಂದಿನ ರಜೆಗೆ ಬರುತ್ತೇವೆ ಎನ್ನುತ್ತಿದ್ದೆ. ರಜೆಗಳು ಮದುವೆ, ಮುಂಜಿಗಳಲ್ಲಿ ಕಳೆದುಹೋದವು... ಕಡೆಗೂ ನಾನು ಆ ಮನೆಯ ಅಂಗಳ ತುಳಿಯುವಾಗ ಕಾಕ ತೀರಿಕೊಂಡು ಆರು ತಿಂಗಳಾಗಿತ್ತು.

ಕಾಕನ ಹೆಂಡತಿ ಅಳಲಿಲ್ಲ. ಚಹಾ ಕೊಡುತ್ತಾ, ಊರಿಗೆ ಬಂದ ಮೇಲೂ ಅವರು ಅಕ್ಕಪಕ್ಕದ ಮಕ್ಕಳನ್ನು ಸಾಲು ಕಟ್ಟಿಸಿ ಮನೆಯಿಂದ ಹೊರಗೋಡಿಸುತ್ತಿದ್ದರು ಎಂದರು.

"ಮಹಡಿ ಇಲ್ಲದ ಮನೆ, ಮೂರು ಬಾಗಿಲು ಉಂಟು! ಮಕ್ಕಳು ಯಾವುದರಲ್ಲಿ ಓಡುದು ಅಂತ ಜಗಳ!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಈ ವರ್ಷ ಈದ್‌ಗೆ ನಾನೇ ಫೋನ್ ಮಾಡಿದೆ. ಕಾಕನ ಹೆಂಡತಿ ಎತ್ತಿ, ನಿಧಾನವಾಗಿ, ಕೊನೆಯ ತನಕ ಮಾತಾಡಿದರು. ಅವರ ದನಿಯನ್ನು ನಾನು ಅಷ್ಟು ಹೊತ್ತು ಫೋನಿನಲ್ಲಿ ಕೇಳಿದ್ದು ಅದೇ ಮೊದಲು. ಮೊದಲೆಲ್ಲ ಎರಡು ಮಾತಾಗುವಷ್ಟರಲ್ಲಿ ಕಾಕ ಫೋನು ಕಸಿದುಕೊಳ್ಳುತ್ತಿದ್ದರು.